ಸ್ಕ್ರೀನ್‌ಶಾಟ್ ಟಿಕೆಟ್ ನಂಬಿ ಹೊರಡಬೇಡಿ: ದೊಡ್ಡ ಊರಿನ ಒಂದು ದಿನ ಎಲ್ಲೆಲ್ಲಿ ಕೈಕೊಡುತ್ತದೆ

ಸಂಗೀತ ಕಾರ್ಯಕ್ರಮದ ಗೇಟಿನಲ್ಲಿ ನಡೆಯುವುದು ಅರ್ಧ ನಿಮಿಷದ ಕೆಲಸ. ಸಿಬ್ಬಂದಿ ಮೊಬೈಲಿನ ಮೇಲೆ ಸ್ಕ್ಯಾನರ್ ಹಿಡಿಯುತ್ತಾರೆ. ಹಸಿರು ಬರಬೇಕಾದಲ್ಲಿ ಕೆಂಪು ಬರುತ್ತದೆ. ಬೆಳಕು ಜಾಸ್ತಿ ಮಾಡಿ ಅನ್ನುತ್ತಾರೆ, ಮಾಡಿದರೆ ಮತ್ತೆ ಕೆಂಪು. "ಈ ಟಿಕೆಟ್ ಮೇಲೆ ನಲವತ್ತು ನಿಮಿಷದ ಹಿಂದೆಯೇ ಒಬ್ಬರು ಒಳಗೆ ಹೋಗಿದ್ದಾರೆ. ಸ್ವಲ್ಪ ಪಕ್ಕಕ್ಕೆ ಬನ್ನಿ." ಹಿಂದೆ ಸಾಲು ಬೆಳೆದಿದೆ, ಒಳಗಿನಿಂದ ಡ್ರಮ್ಮಿನ ಸದ್ದು ಕೇಳುತ್ತಿದೆ. ಟಿಕೆಟ್ ಮಾರಿದವನ ನಂಬರಿಗೆ ಕರೆ ಹೋಗುತ್ತಿಲ್ಲ. ಬೇರೆ ಊರಿಂದ ಬಂದವರಾದರೆ ರೈಲಿನ ದುಡ್ಡು, ರದ್ದು ಮಾಡಲಾಗದ ಹೋಟೆಲ್ ಕೋಣೆಯ ದುಡ್ಡು ಎಲ್ಲ ಅದರ ಜೊತೆಗೇ ಹೋಯಿತು. ಅಳು ಬರುವುದು ಹಣಕ್ಕಾಗಿ ಅಲ್ಲ. ತಿಂಗಳುಗಟ್ಟಲೆ ಕಾದ ಹಾಡುಗಳು ಗೋಡೆಯ ಆಚೆ ಶುರುವಾಗಿರುತ್ತವೆ.

ಹೀಗೆ ಯಾಕಾಗುತ್ತದೆ ಎಂದು ತಿಳಿದರೆ ತಪ್ಪಿಸಿಕೊಳ್ಳುವುದು ಕಷ್ಟವಿಲ್ಲ. ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಎಂದರೆ ಬರೀ ಒಂದು ಸಂಖ್ಯೆ. ಗೇಟಿನ ಯಂತ್ರದಲ್ಲಿ ಅಂಥ ಸಂಖ್ಯೆಗಳ ಪಟ್ಟಿ ಇರುತ್ತದೆ. ಮೊದಲು ತೋರಿಸಿದವರನ್ನು ಅದು ಒಳಗೆ ಬಿಡುತ್ತದೆ, ಆಮೇಲೆ ಬಂದವರಿಗೆಲ್ಲ ಕೆಂಪು. ಹಣ ಕೊಟ್ಟವರು ಯಾರು ಎಂಬುದು ಆ ಯಂತ್ರಕ್ಕೆ ಗೊತ್ತಾಗುವುದಿಲ್ಲ. ಹಾಗಾಗಿ ಒಂದೇ ಸ್ಕ್ರೀನ್‌ಶಾಟನ್ನು ಹತ್ತು ಜನಕ್ಕೆ ಮಾರಿದರೆ ಒಬ್ಬರು ಒಳಗೆ, ಒಂಬತ್ತು ಜನ ಬೀದಿಯಲ್ಲಿ. ಪಿಡಿಎಫ್ ಕಳಿಸಿದರೂ ಇದೇ ಕಥೆ. ಈಗ ದೊಡ್ಡ ಕಾರ್ಯಕ್ರಮಗಳಲ್ಲಿ ಆ್ಯಪ್‌ನೊಳಗಿನ ಕೋಡ್ ಕೆಲವು ಸೆಕೆಂಡಿಗೊಮ್ಮೆ ಬದಲಾಗುವ ವ್ಯವಸ್ಥೆ ಬಂದಿದೆ. ಅಂಥ ಕೋಡಿನ ಸ್ಕ್ರೀನ್‌ಶಾಟ್ ನಿಮ್ಮ ಕೈಸೇರುವ ಹೊತ್ತಿಗೇ ಸತ್ತಿರುತ್ತದೆ.

ಆದ್ದರಿಂದ ಇನ್ನೊಬ್ಬರಿಂದ ಕೊಳ್ಳುವಾಗ ಒಂದೇ ಒಂದು ಪುರಾವೆ ಒಪ್ಪಿಕೊಳ್ಳಿ: ಮೂಲ ಟಿಕೆಟ್ ಕಂಪನಿಯ ಆ್ಯಪ್‌ನಲ್ಲಿ ನಿಮ್ಮದೇ ಖಾತೆಗೆ ಟ್ರಾನ್ಸ್‌ಫರ್. ಟ್ರಾನ್ಸ್‌ಫರ್ ಆದ ಕೂಡಲೇ ಹಳೆಯ ಕೋಡ್ ರದ್ದಾಗಿ ನಿಮ್ಮ ಹೆಸರಿಗೆ ಹೊಸದು ಹುಟ್ಟುತ್ತದೆ. ಮಾರುವವನು ಅದಕ್ಕೆ ಮೊದಲು ಹಲವು ನೆಪ ಹೇಳುತ್ತಾನೆ. ಖಾತೆಯ ಪಾಸ್‌ವರ್ಡನ್ನೇ ಕೊಡುತ್ತೇನೆ ಅನ್ನುತ್ತಾನೆ. ಹಣ ಬಿದ್ದ ಮೇಲೆ ಪಾಸ್‌ವರ್ಡ್ ಬದಲಾಯಿಸಲು ಅವನಿಗೆ ಒಂದು ನಿಮಿಷ ಸಾಕು. ಆ್ಯಪ್ ತೆರೆದು ತೋರಿಸುವ ವಿಡಿಯೋ ಕಳಿಸುತ್ತಾನೆ. ಅವನ ಬಳಿ ಟಿಕೆಟ್ ಇದೆ ಎಂದಷ್ಟೇ ಅದರಿಂದ ಗೊತ್ತಾಗುತ್ತದೆ, ನಿಮ್ಮೊಬ್ಬರಿಗೇ ಮಾರುತ್ತಿದ್ದಾನೆಂದು ಗೊತ್ತಾಗುವುದಿಲ್ಲ. ಗುರುತಿನ ಚೀಟಿಯ ಫೋಟೋ ಕಳಿಸುತ್ತಾನೆ. ಅದು ಹಿಂದೆ ಮೋಸ ಹೋದ ಯಾರದೋ ಚೀಟಿ ಆಗಿರಬಹುದು. "ಟ್ರಾನ್ಸ್‌ಫರ್ ಕಾರ್ಯಕ್ರಮದ ವಾರವೇ ತೆರೆಯುತ್ತದೆ" ಅನ್ನುವುದು ಮಾತ್ರ ಎಷ್ಟೋ ಸಲ ನಿಜ, ಆಯೋಜಕರೇ ಹಾಗೆ ತಡೆದಿಟ್ಟಿರುತ್ತಾರೆ. ಅದನ್ನು ಆಯೋಜಕರ ಪುಟದಲ್ಲೇ ನೋಡಿಕೊಳ್ಳಿ. ನಿಜವಾಗಿದ್ದರೂ ಅಲ್ಲಿಯವರೆಗೆ ಅವನ ಕೈಗೆ ನೇರ ಹಣ ಬೇಡ. ಕಾರ್ಯಕ್ರಮ ಮುಗಿಯುವವರೆಗೆ ಹಣವನ್ನು ತಡೆದಿಟ್ಟುಕೊಳ್ಳುವ ರೀಸೇಲ್ (ಕೊಂಡ ಟಿಕೆಟನ್ನು ಮತ್ತೆ ಮಾರುವ) ತಾಣದ ಮೂಲಕವಾದರೆ ಸರಿ, ಇಲ್ಲವಾದರೆ ಬಿಟ್ಟುಬಿಡಿ.

ಇನ್ನೊಂದು ಬಗೆಯ ಮಾರಾಟವಿದೆ, ಇದನ್ನು ಕಂಡರೆ ನಿಜಕ್ಕೂ ಸಿಟ್ಟು ಬರುತ್ತದೆ. ಟಿಕೆಟ್ ಇನ್ನೂ ಯಾರ ಕೈಗೂ ಬಂದಿರುವುದಿಲ್ಲ, ಅಧಿಕೃತ ಮಾರಾಟವೇ ಶುರುವಾಗಿರುವುದಿಲ್ಲ, ಆದರೂ ರೀಸೇಲ್ ತಾಣದಲ್ಲಿ 'ಲಭ್ಯ' ಎಂದು ಕಾಣಿಸುತ್ತದೆ. ಮಾರುವವನು ನಿಮ್ಮ ಹಣ ಹಿಡಿದು, ಮುಂದೆ ಕಡಿಮೆಗೆ ಸಿಕ್ಕರೆ ಕೊಂಡು ಕೊಡುತ್ತಾನೆ. ಸಿಗದಿದ್ದರೆ ಹಿಂದಿನ ದಿನ 'ಆರ್ಡರ್ ರದ್ದಾಗಿದೆ' ಎಂದು ಸಂದೇಶ ಬರುತ್ತದೆ. ಗುರುತಿಸುವುದು ಸುಲಭ: ಬ್ಲಾಕ್, ಸಾಲು, ಆಸನದ ಸಂಖ್ಯೆ ಇರುವುದಿಲ್ಲ, 'ಕೆಳಗಿನ ಹಂತದಲ್ಲಿ ಎಲ್ಲಾದರೂ' ಎಂಬಂಥ ಮಾತಿರುತ್ತದೆ. ಮಾರಾಟ ಯಾವ ದಿನ, ಎಷ್ಟು ಗಂಟೆಗೆ ತೆರೆಯುತ್ತದೆಂದು ಕಲಾವಿದರ ಅಥವಾ ಸಭಾಂಗಣದ ಪುಟದಲ್ಲಿ ನೋಡಿ, ಅಲ್ಲಿನ ಕೊಂಡಿಯಿಂದಲೇ ಕೊಳ್ಳುವ ಪುಟಕ್ಕೆ ಹೋಗಿ. ಹುಡುಕಾಟದಲ್ಲಿ ಮೇಲೆ ಬರುವ ಮೊದಲ ಎರಡು ಮೂರು ಕೊಂಡಿಗಳು ಹೆಚ್ಚಾಗಿ ಜಾಹೀರಾತುಗಳು. ಸಭಾಂಗಣದ ಹೆಸರನ್ನೇ ವಿಳಾಸದಲ್ಲಿ ಸೇರಿಸಿಕೊಂಡ ಮಧ್ಯವರ್ತಿಗಳು ಅಲ್ಲೇ ಕೂತಿರುತ್ತಾರೆ.

ಹಣ ಕೊಡುವ ದಾರಿಯೂ ಮುಖ್ಯ. ಅಪರಿಚಿತರ ಬ್ಯಾಂಕ್ ಖಾತೆಗೆ ನೇರ ಕಳಿಸಿದ್ದು ವಾಪಸ್ ಬರುವುದು ಅಪರೂಪ. ಕಾರ್ಡಿನಲ್ಲಿ ಕೊಟ್ಟಿದ್ದರೆ, ಕೊಟ್ಟ ಮಾತಿನಂತೆ ಸೇವೆ ಸಿಗಲಿಲ್ಲ ಎಂದು ಬ್ಯಾಂಕಿಗೆ ತಕರಾರು ಹಾಕಬಹುದು. ಅದಕ್ಕೂ ಗಡುವಿದೆ, ಸಾಮಾನ್ಯವಾಗಿ 120 ದಿನಗಳ ಆಸುಪಾಸು. ತಕರಾರು ನಿಲ್ಲಬೇಕಾದರೆ ಕಾಗದ ಬೇಕು. ಗೇಟಿನಲ್ಲಿ ಕೆಂಪು ಬಂದಾಗ ಸಿಬ್ಬಂದಿಯ ಜೊತೆ ಜಗಳಕ್ಕೆ ನಿಲ್ಲಬೇಡಿ, ಅವರ ಕೈಯಲ್ಲಿ ಏನೂ ಇಲ್ಲ. ಟಿಕೆಟ್ ಕೌಂಟರಿಗೆ ಹೋಗಿ, ಕೋಡ್ ಯಾವ ಹೊತ್ತಿಗೆ ಬಳಕೆಯಾಗಿದೆ ಎಂದು ಬರೆದು ಕೊಡಲು ಕೇಳಿ. ಕೊಡದಿದ್ದರೆ ಕಾರಣ ಕಾಣುವಂತೆ ಪರದೆಯ ಫೋಟೋಗೆ ಅನುಮತಿ ಕೇಳಿ. ಮಾರಾಟದ ಜಾಹೀರಾತು, ಮಾತುಕತೆ, ಹಣ ಕಳಿಸಿದ ರಸೀದಿ ಎಲ್ಲವನ್ನೂ ಅವತ್ತೇ ಉಳಿಸಿಕೊಳ್ಳಿ, ಮರುದಿನ ಬೆಳಿಗ್ಗೆಗೆ ಆ ಖಾತೆಯೇ ಮಾಯವಾಗಿರುತ್ತದೆ.

ಬಹಳ ಜನಕ್ಕೆ ಹೊಳೆಯದ ಇನ್ನೊಂದು ಸಂಗತಿ: ಕಾರ್ಯಕ್ರಮ ರದ್ದಾದರೆ ಆಯೋಜಕರ ರೀಫಂಡ್ ಹೋಗುವುದು ಮೊದಲು ಕೊಂಡವರ ಕಾರ್ಡಿಗೆ. ಕೈ ಬದಲಾಯಿಸಿದ ಟಿಕೆಟ್‌ನಲ್ಲಿ ಆ ಮೊದಲಿಗರು ನಿಮಗೆ ಮಾರಿದವರು. ಅವರು ಎರಡೂ ಕಡೆ ದುಡ್ಡು ಪಡೆದು ಸುಮ್ಮನಿದ್ದರೆ ಆಯೋಜಕರು ನಿಮ್ಮ ಮಾತು ಕೇಳುವುದಿಲ್ಲ. ಮುಂದೂಡಿದ್ದು ಮತ್ತು ರದ್ದಾದದ್ದು ಕೂಡ ಬೇರೆ ಬೇರೆ. ಮುಂದೂಡಿದಾಗ ಟಿಕೆಟ್ ಹೊಸ ದಿನಾಂಕಕ್ಕೆ ತಾನಾಗಿ ಸಾಗುತ್ತದೆ, ರೀಫಂಡ್ ಬೇಕೆಂದವರು ಗಡುವಿನೊಳಗೆ ಕೇಳಬೇಕು. ಎರಡರಲ್ಲೂ ಬುಕಿಂಗ್ ಶುಲ್ಕ ಮರಳುವ ಖಾತ್ರಿಯಿಲ್ಲ, ರೈಲು-ಹೋಟೆಲ್ ಖರ್ಚನ್ನಂತೂ ಯಾರೂ ಕೊಡುವುದಿಲ್ಲ. ಹಾಗಾಗಿ ಕೋಣೆ ಕಾಯ್ದಿರಿಸುವಾಗ ನಾಲ್ಕು ಕಾಸು ಜಾಸ್ತಿಯಾದರೂ ರದ್ದು ಮಾಡಬಹುದಾದದ್ದನ್ನೇ ಹಿಡಿಯಿರಿ.

ಕಥೆಯ ಲೋಕದೊಳಗೇ ನಡೆದಾಡಿಸುತ್ತೇವೆ ಎನ್ನುವ, ಜಾಹೀರಾತಿನ ಚಿತ್ರ ನೋಡಿ ಹಣ ಕೊಡುವ 'ಅನುಭವ' ಪ್ರದರ್ಶನಗಳದ್ದೂ ಇದೇ ಜಾತಿಯ ಮೋಸ. 2024ರ ಫೆಬ್ರವರಿಯಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಮಕ್ಕಳ ಪ್ರಸಿದ್ಧ ಚಾಕೊಲೇಟ್ ಕಥೆಯ ಜಾಡಿನಲ್ಲಿ ಒಂದು ಪ್ರದರ್ಶನ ನಡೆಯಿತು. ಟಿಕೆಟ್ 35 ಪೌಂಡ್‌ವರೆಗೆ. ಜಾಹೀರಾತಿನ ತುಂಬ ಕೃತಕ ಬುದ್ಧಿಮತ್ತೆಯಿಂದ ಬರೆಸಿದ ಬಣ್ಣದ ಲೋಕ. ಹೋದವರಿಗೆ ಕಂಡದ್ದು ಹೆಚ್ಚುಕಡಿಮೆ ಖಾಲಿ ಗೋದಾಮು, ಅಲ್ಲಲ್ಲಿ ಒಂದಿಷ್ಟು ಅಲಂಕಾರ. ಮಕ್ಕಳ ಕೈಗೆ ಬಂದದ್ದು ಬೆರಳೆಣಿಕೆಯ ಮಿಠಾಯಿ. ಪಾಲಕರು ರೇಗಿ, ಪೊಲೀಸರು ಬಂದು, ಅದು ಅದೇ ದಿನ ಮುಚ್ಚಿತು. ಎಚ್ಚರಿಕೆ ಜಾಹೀರಾತಿನೊಳಗೇ ಇತ್ತು: ಚಿತ್ರದ ಮೇಲಿನ ಇಂಗ್ಲಿಷ್ ಪದಗಳು ಯಾವ ನಿಘಂಟಿನಲ್ಲೂ ಸಿಗದ ಅಡ್ಡಾದಿಡ್ಡಿ ಅಕ್ಷರಗಳು. ಇಂಥ ಟಿಕೆಟ್ ಕೊಳ್ಳುವ ಮುಂಚೆ ಚಿತ್ರವನ್ನು ದೊಡ್ಡದು ಮಾಡಿ ಅಕ್ಷರ ಮತ್ತು ಕೈಬೆರಳುಗಳನ್ನು ನೋಡಿ. ಸ್ಥಳದ ವಿಳಾಸವನ್ನು ನಕ್ಷೆಯಲ್ಲಿ ಹಾಕಿ ಕಟ್ಟಡ ಎಂಥದೆಂದು ನೋಡಿ. ಹಿಂದೆ ಬೇರೆ ಊರಲ್ಲಿ ನಡೆದಿದ್ದರೆ ನೋಡಿದವರೇ ತೆಗೆದ ಫೋಟೋ ಹುಡುಕಿ. ಮೊದಲ ದಿನದ ಮೊದಲ ಪ್ರದರ್ಶನಕ್ಕೆ ಹಣ ಹಾಕದೆ ಎರಡು ದಿನ ಕಾದರೆ ನಷ್ಟವೇನಿಲ್ಲ.

ಗೈಡ್ ಜೊತೆ ಅಂಗಡಿಯಿಂದ ಅಂಗಡಿಗೆ ಹೋಗಿ ತಿನ್ನುವ ಫುಡ್ ಟೂರಿನ ತೊಂದರೆ ಬೇರೆ ತರಹದ್ದು. ಗೈಡ್ ಒಳ್ಳೆಯವರೇ ಇರಬಹುದು, ಆದರೆ ಅಡುಗೆಮನೆ ಅವರ ಕೈಯಲ್ಲಿಲ್ಲ. ಅಲರ್ಜಿ ಇರುವವರು ಇದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಬುಕಿಂಗ್ ಫಾರ್ಮಿನಲ್ಲಿ 'ಕಡಲೆಕಾಯಿ ಅಲರ್ಜಿ' ಎಂದು ಬರೆದದ್ದು ಗೈಡ್‌ವರೆಗೆ ತಲುಪಬಹುದು, ನಾಲ್ಕನೇ ಅಂಗಡಿಯಲ್ಲಿ ಕರಿಯುವವರಿಗೆ ತಲುಪುವುದಿಲ್ಲ. ಅಲ್ಲಿ ಎಲ್ಲದಕ್ಕೂ ಒಂದೇ ಬಾಣಲೆ, ಒಂದೇ ಎಣ್ಣೆ, ಚಟ್ನಿಗೆಲ್ಲ ಒಂದೇ ಸೌಟು. ಮೂರು ದಿನ ಮುಂಚೆ ಕಂಪನಿಗೆ ಬರೆದು, ಪ್ರತಿ ಅಂಗಡಿಯಲ್ಲೂ ಬೇರೆ ಪಾತ್ರೆ-ಎಣ್ಣೆ ಇದೆಯೇ ಎಂದು ಲಿಖಿತ ಉತ್ತರ ಕೇಳಿ. 'ನಮ್ಮ ಕೈಲಾದಷ್ಟು ನೋಡಿಕೊಳ್ಳುತ್ತೇವೆ' ಎಂಬ ಉತ್ತರ ಬಂದರೆ ಅದನ್ನು 'ಇಲ್ಲ' ಎಂದೇ ಓದಿ. ತೀವ್ರ ಅಲರ್ಜಿಗೆ ವೈದ್ಯರು ಎಪಿನೆಫ್ರಿನ್ ಪೆನ್ (ತುರ್ತಿಗೆ ಚುಚ್ಚಿಕೊಳ್ಳುವ ಔಷಧಿ) ಬರೆದುಕೊಟ್ಟಿದ್ದರೆ ಎರಡು ಪೆನ್ ಮೈಮೇಲೇ ಇರಲಿ, ಬಸ್ಸಿನಲ್ಲಿ ಬಿಟ್ಟ ಬ್ಯಾಗಿನಲ್ಲಿ ಬೇಡ.

ಅಲರ್ಜಿ ಇಲ್ಲದವರು ನೋಡಬೇಕಾದದ್ದು ಶಾಖ ಮತ್ತು ಸಮಯ. ಬೇಯಿಸಿದ ಆಹಾರ 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಕೂತಷ್ಟು ಹೊತ್ತೂ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಎರಡು ಗಂಟೆ ದಾಟಿದರೆ ಅಪಾಯ. ಟೂರಿನಲ್ಲಿ ಈ ತಪ್ಪಾಗುವುದು ಗುಂಪು ತಡವಾದಾಗ. ಹನ್ನೊಂದಕ್ಕೆ ಬರಬೇಕಾದ ಇಪ್ಪತ್ತು ಜನರಿಗೆಂದು ಅಂಗಡಿಯವರು ಮೊದಲೇ ತಟ್ಟೆಗಳಲ್ಲಿ ಹಾಕಿಟ್ಟಿರುತ್ತಾರೆ, ಗುಂಪು ಬರುವುದು ಒಂದೂವರೆಗೆ. ತಟ್ಟೆಯಿಂದ ಹಬೆ ಬರದಿದ್ದರೆ, ಮೇಲೆ ತೆಳು ಪೊರೆ ಕಟ್ಟಿದ್ದರೆ, ಸಂಕೋಚವಿಲ್ಲದೆ ಪಕ್ಕಕ್ಕಿಡಿ. ಮತ್ತೆ ಬಿಸಿ ಮಾಡಿದರೆ ಸರಿಹೋಗುತ್ತದೆ ಎನ್ನುವುದು ತಪ್ಪು, ಕೆಲವು ಬ್ಯಾಕ್ಟೀರಿಯಾ ಬಿಟ್ಟ ವಿಷ ಕುದಿಸಿದರೂ ಹೋಗುವುದಿಲ್ಲ. ಕೈಗೆ ಸ್ಯಾನಿಟೈಸರ್ ಹಚ್ಚಿ ಮುಗಿಸುವವರಿಗೂ ಒಂದು ಮಾತು: ವಾಂತಿಭೇದಿ ತರುವ ನೋರೋವೈರಸ್ ಆಲ್ಕೋಹಾಲಿಗೆ ಸುಲಭವಾಗಿ ಬಗ್ಗುವುದಿಲ್ಲ, ಸೋಪು ನೀರು ಬೇಕೇ ಬೇಕು. ಬುಕ್ ಮಾಡುವ ಮೊದಲು ಕೇಳಬೇಕಾದದ್ದು ಇಷ್ಟು: ಗುಂಪಿನಲ್ಲಿ ಗರಿಷ್ಠ ಎಷ್ಟು ಜನ (ಹನ್ನೆರಡು ದಾಟಿದರೆ ಇಕ್ಕಟ್ಟಾದ ಅಂಗಡಿಯಲ್ಲಿ ಹಿಂದಿನವರಿಗೆ ಮಾತೂ ಕೇಳದು, ತಿಂಡಿಯೂ ಆರಿರುತ್ತದೆ), ಎಷ್ಟು ಕಡೆ ನಿಲ್ಲುತ್ತಾರೆ, ಅದರಲ್ಲಿ ಎಷ್ಟು ಕಡೆ ತಿನ್ನಲು ಕೊಡುತ್ತಾರೆ ಮತ್ತು ಎಷ್ಟು ಕಡೆ ಬರೀ ತೋರಿಸುತ್ತಾರೆ, ಕನಿಷ್ಠ ಜನ ಸೇರದಿದ್ದರೆ ಟೂರ್ ರದ್ದಾಗುತ್ತದೆಯೇ.

ಇನ್ನು ಸಂಜೆಯ ಕಾರ್ಯಕ್ರಮದ ಜನದಟ್ಟಣೆ. ದುಡ್ಡು ಹೋದರೆ ಮತ್ತೆ ಸಂಪಾದಿಸಬಹುದು, ಪ್ರಾಣವನ್ನಲ್ಲ, ಆದ್ದರಿಂದ ಇದನ್ನು ಮಾತ್ರ ಓದದೆ ಬಿಡಬೇಡಿ. 1979ರ ಡಿಸೆಂಬರ್ 3ರಂದು ಅಮೆರಿಕದ ಸಿನ್ಸಿನಾಟಿಯಲ್ಲಿ ಒಂದು ರಾಕ್ ಸಂಗೀತ ಕಛೇರಿಯ ಬಾಗಿಲಲ್ಲೇ 11 ಜನ ಸತ್ತರು. ಆಸನಗಳಿಗೆ ಸಂಖ್ಯೆ ಇರಲಿಲ್ಲ, ಮೊದಲು ಹೋದವರಿಗೆ ಮುಂದಿನ ಜಾಗ. ತೆರೆದ ಬಾಗಿಲುಗಳು ಕೆಲವೇ. ಒಳಗಿನ ಸದ್ದು ಕೇಳಿ ಕಾರ್ಯಕ್ರಮ ಶುರುವಾಯಿತೆಂದುಕೊಂಡು ಹಿಂದಿನವರು ಒತ್ತಿದರು, ಮುಂದೆ ಏನಾಗುತ್ತಿದೆ ಎಂದು ಅವರಿಗೆ ಕಾಣಿಸುತ್ತಿರಲಿಲ್ಲ. 2021ರ ನವೆಂಬರ್ 5ರಂದು ಹ್ಯೂಸ್ಟನ್ನಿನ ಸಂಗೀತೋತ್ಸವದಲ್ಲಿ 10 ಜನ ಸತ್ತರು, ಅವರಲ್ಲಿ ಒಂದು ಮಗುವಿಗೆ ಒಂಬತ್ತು ವರ್ಷ. ಇಂಥ ಕಡೆ ತುಳಿತಕ್ಕಿಂತ ಹೆಚ್ಚು ಜನ ಸಾಯುವುದು ನಿಂತಲ್ಲೇ, ಎದೆ ಹಿಗ್ಗಲು ಜಾಗವಿಲ್ಲದೆ ಉಸಿರುಕಟ್ಟಿ.

ಲೆಕ್ಕ ಹೀಗಿದೆ. ಒಂದು ಚದರ ಮೀಟರಿನಲ್ಲಿ ನಾಲ್ಕು ಜನ ನಿಂತರೆ ಮೈ ತಾಗಿದರೂ ಓಡಾಡಬಹುದು. ಐದು ದಾಟಿದರೆ ಹುಷಾರಾಗಬೇಕು. ಆರು-ಏಳಾದರೆ ಗುಂಪು ನೀರಿನ ಹಾಗೆ ಅಲೆಯಾಗಿ ತುಯ್ಯುತ್ತದೆ, ಯಾರ ಕಾಲೂ ಅವರ ಮಾತು ಕೇಳುವುದಿಲ್ಲ. ಎಣಿಸಲು ಆಗದಿದ್ದರೆ ಇದನ್ನು ಗಮನಿಸಿ: ಎರಡೂ ಕೈಯನ್ನು ಮುಖದ ಹತ್ತಿರ ತರಲು ಆಗದಂತಾಗಿದೆಯೇ? ನಾಲ್ಕೂ ಕಡೆಯಿಂದ ಮೈ ಒತ್ತುತ್ತಿದೆಯೇ? ಹಾಡಿನ ಕುಣಿತವಿಲ್ಲದೆಯೂ ಗುಂಪು ತೂಗುತ್ತಿದೆಯೇ? ಒಂದಕ್ಕೆ ಹೌದೆಂಬ ಅನುಮಾನ ಬಂದರೂ ಅಲ್ಲಿಂದ ಹೊರಡಿ. ಒತ್ತಡದ ವಿರುದ್ಧ ತಳ್ಳಬೇಡಿ, ಒಂದು ಅಲೆ ಮುಗಿದು ಇನ್ನೊಂದು ಶುರುವಾಗುವ ನಡುವೆ ಓರೆಯಾಗಿ ಬದಿಗೆ ಸರಿಯಿರಿ. ಮುಷ್ಟಿ ಕಟ್ಟಿ, ಮೊಣಕೈ ಮಡಚಿ, ತೋಳುಗಳನ್ನು ಎದೆಯ ಮುಂದೆ ಹಿಡಿದರೆ ಉಸಿರಾಡಲು ಒಂದಿಷ್ಟು ಜಾಗ ಉಳಿಯುತ್ತದೆ. ಗೋಡೆ, ಬ್ಯಾರಿಕೇಡು, ಕಂಬದಿಂದ ದೂರವಿರಿ. ಬಿದ್ದ ಮೊಬೈಲಿಗೆ ಬಗ್ಗಬೇಡಿ. ಕಿರುಚಿ ಉಸಿರು ಕಳೆದುಕೊಳ್ಳಬೇಡಿ. ಮಕ್ಕಳನ್ನು ಕರೆದುಕೊಂಡು ಹೋಗುವವರು ನಿಂತು ನೋಡುವ ಟಿಕೆಟ್ ಕೊಳ್ಳಲೇಬೇಡಿ, ಅಗ್ಗ ಎಂಬ ಕಾರಣಕ್ಕೂ ಬೇಡ.

ಕಿವಿಯ ವಿಷಯ ಚಿಕ್ಕದು, ಆದರೆ ಹೋದ ಕಿವಿ ಮರಳುವುದಿಲ್ಲ. 85 ಡೆಸಿಬೆಲ್‌ನಲ್ಲಿ ಎಂಟು ಗಂಟೆ ಇರಬಹುದು ಎನ್ನುವುದು ಕೆಲಸದ ಜಾಗಗಳಿಗೆ ಬಳಸುವ ಅಳತೆ. ಪ್ರತಿ 3 ಡೆಸಿಬೆಲ್ ಏರಿದಾಗ ಹೊತ್ತು ಅರ್ಧವಾಗುತ್ತದೆ. ಹಾಗೆ ಇಳಿದರೆ 100 ಡೆಸಿಬೆಲ್‌ಗೆ ಉಳಿಯುವುದು 15 ನಿಮಿಷ, ಸ್ಪೀಕರ್ ಎದುರು ಅದಕ್ಕಿಂತ ಜೋರಿರುತ್ತದೆ. ಸ್ಪಂಜಿನ ಇಯರ್‌ಪ್ಲಗ್ಗನ್ನು ತೆಳುವಾಗಿ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಒಳಗಿಟ್ಟು, ಉಬ್ಬುವವರೆಗೆ ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಹತ್ತಿಯಿಂದ, ಟಿಶ್ಯೂ ಕಾಗದದಿಂದ ಹೆಚ್ಚೇನೂ ಪ್ರಯೋಜನವಿಲ್ಲ.

ಮನೆ ಬಿಡುವ ಮುಂಚೆ ಟಿಕೆಟನ್ನು ನೆಟ್ ಇಲ್ಲದೆಯೂ ತೋರಿಸಬಲ್ಲ ಫೋನಿನ ವಾಲೆಟ್‌ಗೆ ಇಳಿಸಿಕೊಳ್ಳಿ, ಗೇಟಿನ ಹತ್ತಿರ ಸಾವಿರಾರು ಜನ ಸೇರಿದಾಗ ನೆಟ್‌ವರ್ಕ್ ಸಿಗುವುದಿಲ್ಲ. ಬ್ಯಾಗಿನ ಅಳತೆ, ಪವರ್ ಬ್ಯಾಂಕ್ ಬಿಡುತ್ತಾರೆಯೇ ಎಂಬುದನ್ನು ಸಭಾಂಗಣದ ಪುಟದಲ್ಲಿ ಹಿಂದಿನ ದಿನವೇ ನೋಡಿ. ಎಷ್ಟೋ ಕಡೆ ಬ್ಯಾಗ್ ಇಡಲು ಲಾಕರ್ ಇರುವುದಿಲ್ಲ. ಕೊನೆಯ ರೈಲಿನ ಹೊತ್ತು ಬರೆದಿಟ್ಟುಕೊಳ್ಳಿ. ಜೊತೆಗಾರರು ತಪ್ಪಿಹೋದರೆ ಸೇರುವ ಜಾಗವನ್ನು ಒಳಗೆ ಹೋಗುವ ಮುಂಚೆಯೇ ನಿಗದಿ ಮಾಡಿ. ಅದು ಗೇಟಿನ ಎದುರು ಬೇಡ, ಎರಡು ಬೀದಿ ಆಚೆ, ಬೆಳಕಿರುವ ಒಂದು ಮೂಲೆಯಲ್ಲಿರಲಿ.