ಗೋಧಿ ಬೆಳೆಯುವ ಊರಿಗೆ ಬಂದ ‘ಕ್ರಿಸ್ತ’: ಒಂದು ಸಸ್ಪೆನ್ಸ್ ಕಾದಂಬರಿಯ ಓದು

ಶಿವಮೊಗ್ಗದ ದುರ್ಗಿಗುಡಿಯ ಹಳೆಯ ಪುಸ್ತಕದ ಅಂಗಡಿಯೊಂದರಲ್ಲಿ, ಸಿಇಟಿ ಗೈಡುಗಳ ರಾಶಿಯ ಅಡಿಯಿಂದ ಎಳೆದು ತೆಗೆದಾಗ ಈ ಪುಸ್ತಕದ ಬೆನ್ನು ಎರಡು ಕಡೆ ಸೀಳಿತ್ತು. ಒಳಪುಟಗಳು ನಾಲ್ಕೈದು ಮಳೆಗಾಲ ಕಂಡಂತೆ ಉಬ್ಬಿದ್ದವು. 120 ರೂಪಾಯಿ ಕೊಟ್ಟು ತಂದ ಆ ಪ್ರತಿ ಫ್ರಾಂಕ್ ಪೆರೆಟಿಯವರ ‘ದ ವಿಸಿಟೇಶನ್’. ಇಂಗ್ಲಿಷಿನಲ್ಲಿ 1999ರಲ್ಲಿ ಪ್ರಕಟವಾದ, 500ಕ್ಕೂ ಹೆಚ್ಚು ಪುಟಗಳ ಈ ಕಾದಂಬರಿಯನ್ನು ನಾನು ಆಷಾಢದ ಮಳೆಯಲ್ಲಿ, ಕರೆಂಟು ಇದ್ದಷ್ಟು ಹೊತ್ತು ದೀಪದಲ್ಲಿಯೂ ಹೋದ ಮೇಲೆ ಮೊಬೈಲಿನ ಬೆಳಕಿನಲ್ಲಿಯೂ ಎಂಟು ರಾತ್ರಿಗಳಲ್ಲಿ ಓದಿ ಮುಗಿಸಿದೆ. ಅಷ್ಟು ವೇಗವಾಗಿ ಓದಿಸಿಕೊಂಡಿತು ಎಂಬುದು ಅದರ ಮೊದಲ ಗುಣ. ಓದಿದ ಮೇಲೆ ಅಷ್ಟು ಸುಲಭವಾಗಿ ಬಿಡಲಿಲ್ಲ ಎಂಬುದಕ್ಕೆ ಕಾರಣ ಮಾತ್ರ ಬೇರೆಯೇ ಇದೆ.

ಪೆರೆಟಿ 1951ರಲ್ಲಿ ಕೆನಡಾದಲ್ಲಿ ಹುಟ್ಟಿದವರು, ಪೆಂತೆಕೊಸ್ತ್ (ಪವಿತ್ರಾತ್ಮನ ವರಗಳಿಗೂ ಪ್ರಾರ್ಥನೆಯಿಂದ ರೋಗ ಗುಣವಾಗುವುದಕ್ಕೂ ಒತ್ತು ಕೊಡುವ ಕ್ರೈಸ್ತ ಪಂಗಡ) ಪಾಸ್ಟರೊಬ್ಬರ ಮಗ, ಸ್ವತಃ ಕೆಲಕಾಲ ತಂದೆಯ ಜೊತೆಗೆ ಸಭೆಯ, ಎಂದರೆ ಚರ್ಚಿನ ಭಕ್ತಸಮೂಹದ, ಸೇವೆಯಲ್ಲಿದ್ದವರು. ಅವರಿಗೆ ಹೆಸರು ತಂದದ್ದು 1986ರ ‘ದಿಸ್ ಪ್ರೆಸೆಂಟ್ ಡಾರ್ಕ್‌ನೆಸ್’. ಅದರಲ್ಲಿ ದೇವದೂತರೂ ದೆವ್ವಗಳೂ ಒಂದು ಸಣ್ಣ ಪಟ್ಟಣದ ಮೇಲೆ ಕತ್ತಿ ಹಿಡಿದು ಕಾದಾಡುತ್ತಾರೆ. ಪ್ರಾರ್ಥಿಸುವ ಪಾಸ್ಟರು ಒಳ್ಳೆಯವನು, ಕೇಡಿನ ಬೇರು ಬಹುಮಟ್ಟಿಗೆ ಹೊರಗಿನ ಸಂಚಿನಲ್ಲಿದೆ. ಹದಿಮೂರು ವರ್ಷಗಳ ನಂತರ ಬಂದ ಈ ಕಾದಂಬರಿಯಲ್ಲಿ ಅದೇ ಲೇಖಕರು ಬೆರಳನ್ನು ಚರ್ಚಿನ ಒಳಕ್ಕೆ ತಿರುಗಿಸಿದ್ದಾರೆ. ಎರಡನ್ನೂ ಓದಿದವನಾಗಿ ಹೇಳುವುದಾದರೆ, ಮೊದಲನೆಯದು ಕುತೂಹಲಕ್ಕೆ ಸಾಕು. ಎರಡನೆಯದನ್ನು ಬರೆಯಲು ಲೇಖಕರಿಗೆ ಧೈರ್ಯ ಬೇಕಾಗಿತ್ತು.

ಕಥೆ ನಡೆಯುವುದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಪೂರ್ವಭಾಗದಲ್ಲಿ, ಗೋಧಿಯ ಹೊಲಗಳ ನಡುವಿನ ಆಂಟಿಯೋಕ್ ಎಂಬ ಕಲ್ಪಿತ ಊರಿನಲ್ಲಿ. ಅಲ್ಲಿಯ ಕ್ಯಾಥೊಲಿಕ್ ಚರ್ಚಿನ ಶಿಲುಬೆಯ ಕ್ರಿಸ್ತನ ಕಣ್ಣಿನಿಂದ ನೀರು ಇಳಿಯುತ್ತದೆ, ಮೋಡದಲ್ಲಿ ಒಬ್ಬರಿಗೆ ಮುಖ ಕಾಣುತ್ತದೆ, ಮತ್ತೊಬ್ಬಳಿಗೆ ದೇವದೂತನಂಥವನು ಎದುರಾಗಿ ಬರಲಿರುವವನ ಸುದ್ದಿ ಹೇಳುತ್ತಾನೆ. ಕೊನೆಗೆ ಬ್ರ್ಯಾಂಡನ್ ನಿಕೋಲ್ಸ್ ಎಂಬ ತರುಣ ಊರಿಗೆ ಬರುತ್ತಾನೆ. ಗಾಲಿಕುರ್ಚಿಯಲ್ಲಿದ್ದ ಮಾಜಿ ಸೈನಿಕ ಎದ್ದು ನಡೆಯುತ್ತಾನೆ. ಜನ ಸೇರುತ್ತಾರೆ, ಜನ ಸೇರಿದಲ್ಲಿ ವ್ಯಾಪಾರ ಸೇರುತ್ತದೆ. ಇವೆಲ್ಲವನ್ನೂ ಅನುಮಾನದಿಂದ ನೋಡುವವನು ಟ್ರಾವಿಸ್ ಜೋರ್ಡನ್. ಹದಿನೈದು ವರ್ಷ ಆ ಊರಿನ ಪೆಂತೆಕೊಸ್ತ್ ಸಭೆಯ ಪಾಸ್ಟರಾಗಿದ್ದು, ಹೆಂಡತಿ ಕ್ಯಾನ್ಸರಿನಿಂದ ತೀರಿಕೊಂಡ ಮೇಲೆ ಸೇವೆ ಬಿಟ್ಟು, ಮನೆಯ ಬಾಗಿಲು ಹಾಕಿಕೊಂಡು ಕುಳಿತಿರುವ ವಿಧುರ. ಈ ಹೊಸ ಕ್ರಿಸ್ತ ಯಾರು, ಎಲ್ಲಿಂದ ಬಂದ ಎಂಬ ಪತ್ತೇದಾರಿಕೆಯೇ ಕಾದಂಬರಿಯ ಸಸ್ಪೆನ್ಸ್. ಅದರ ಉತ್ತರವನ್ನು ನಾನು ಇಲ್ಲಿ ಬಿಟ್ಟುಕೊಡುವುದಿಲ್ಲ. ಆ ಉತ್ತರ ಒಂದು ಚರ್ಚಿನ ಒಳಗೇ, ದೇವರ ಹೆಸರಿನಲ್ಲಿ ನಡೆದ ಕ್ರೌರ್ಯದಲ್ಲಿದೆ ಎಂಬಷ್ಟನ್ನು ಹೇಳಿದರೆ ತಪ್ಪಾಗಲಾರದು.

ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಆ ಪತ್ತೇದಾರಿಕೆಯಲ್ಲ. ಊರಿನ ಪವಾಡಗಳ ನಡುವೆ ಟ್ರಾವಿಸ್ ತನ್ನ ಹಿಂದಿನ ಬದುಕನ್ನು ‘ನಾನು’ ಎಂದು ಹೇಳಿಕೊಳ್ಳುವ ಅಧ್ಯಾಯಗಳು ಬರುತ್ತವೆ. ಯೌವನದಲ್ಲಿ ‘ದೇವರೇ ನನಗೆ ತಿಳಿಸಿದರು’ ಎಂದು ನಂಬಿ ನಡೆದದ್ದು ಸುಳ್ಳಾದದ್ದು, ಉತ್ಸಾಹ ತಣ್ಣಗಾದ ಮೇಲೆ ಮುಖ ತೋರಿಸಲಾಗದೆ ನಾಚಿದ್ದು, ಸಣ್ಣ ಸಭೆಯೊಂದನ್ನು ವರ್ಷಗಟ್ಟಲೆ ಎಳೆದು ಸುಸ್ತಾದದ್ದು, ಇವನ್ನು ಪೆರೆಟಿ ಸಿಟ್ಟಿಲ್ಲದೆ, ಅಲ್ಲಲ್ಲಿ ನಗಿಸುತ್ತಲೂ ಬರೆದಿದ್ದಾರೆ. ಸಭೆಯ ಒಳಗೆ ಬೆಳೆದವರಿಗಲ್ಲದೆ ಈ ವಿವರಗಳು ಹೊಳೆಯುವುದಿಲ್ಲ. ಎರಡು ಗಂಟೆಯ ಪ್ರಾರ್ಥನೆಯ ನಂತರವೂ ಗುಣವಾಗದ ರೋಗಿಗೆ ‘ನಿನ್ನ ವಿಶ್ವಾಸ ಸಾಲದು’ ಎಂದು ಹೇಳಿದರೆ ಅವನ ಮುಖ ಏನಾಗುತ್ತದೆ ಎಂಬುದನ್ನು ಕಂಡವರಿಗೆ ಈ ಅಧ್ಯಾಯಗಳು ಕಥೆಯಾಗಿ ಕಾಣುವುದಿಲ್ಲ.

ಅಂಥ ಮುಖವೊಂದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಶಿವಮೊಗ್ಗದಲ್ಲಿ, ಬಾಡಿಗೆಯ ಹಾಲಿನಲ್ಲಿ ನಡೆಯುತ್ತಿದ್ದ ಒಂದು ಸಣ್ಣ ಸಭೆಗೆ ನನ್ನ ಚಿಕ್ಕಮ್ಮ ಆರು ವರ್ಷ ಹೋಗುತ್ತಿದ್ದರು. ಚಿಕ್ಕಪ್ಪನ ಕುಡಿತದ ವಿಷಯವನ್ನು ಅವರು ಅಯ್ಯನವರ (ಸಭೆಯ ಪಾಸ್ಟರ) ಬಳಿ ಒಂಟಿಯಾಗಿ ಅತ್ತು ಹೇಳಿಕೊಂಡದ್ದು ಒಂದು ಗುರುವಾರ. ಆ ಭಾನುವಾರದ ಪ್ರಸಂಗದಲ್ಲಿ, ಎಂದರೆ ಪ್ರವಚನದಲ್ಲಿ, ಅದು ‘ನಮ್ಮ ನಡುವಿನ ಒಬ್ಬ ಸಹೋದರಿ’ಯ ಉದಾಹರಣೆಯಾಗಿ ಬಂತು. ಐವತ್ತು ಜನರ ಸಭೆಯಲ್ಲಿ ಆ ಸಹೋದರಿ ಯಾರೆಂದು ತಿಳಿಯಲು ಯಾರಿಗೂ ಕಷ್ಟವಾಗಲಿಲ್ಲ. ಚಿಕ್ಕಮ್ಮ ತಲೆಯ ಮೇಲಿನ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡು, ಕೈಯಲ್ಲಿದ್ದ ದಶಮಾಂಶದ (ಆದಾಯದ ಹತ್ತನೆಯ ಒಂದು ಪಾಲಿನ ಕಾಣಿಕೆಯ) ಕವರನ್ನು ನಾಲ್ಕಾಗಿ ಮಡಿಸುತ್ತಾ ಕುಳಿತರು. ಕಾಣಿಕೆಯ ಚೀಲ ಬಂದಾಗ ಅದನ್ನು ಹಾಗೆಯೇ ಮಡಿಸಿದಂತೆ ಹಾಕಿದರು. ಈ ಬಗ್ಗೆ ಕೇಳಲು ಹೋದ ನನಗೆ ಸಿಕ್ಕ ಉತ್ತರ ಬೈಬಲಿನ 105ನೆಯ ಕೀರ್ತನೆಯ ಒಂದು ಸಾಲು: ಅಭಿಷೇಕ ಹೊಂದಿದವರನ್ನು, ಎಂದರೆ ದೇವರು ಆರಿಸಿಕೊಂಡವರನ್ನು, ಮುಟ್ಟಬಾರದು. ಅದೇ ಸತ್ಯವೇದದ (ಬೈಬಲಿನ), ಪ್ರವಾದಿ ಯೆಹೆಜ್ಕೇಲನ ಗ್ರಂಥದ 34ನೆಯ ಅಧ್ಯಾಯದಲ್ಲಿ, ಕುರಿಗಳನ್ನು ಬಿಟ್ಟು ತಮ್ಮ ಹೊಟ್ಟೆಯನ್ನೇ ಮೇಯಿಸಿಕೊಂಡ ಕುರುಬರನ್ನು ದೇವರು ಲೆಕ್ಕ ಕೇಳುವ ಮಾತು ಇದೆ. ಅದರ ಮೇಲೆ ಆ ಹಾಲಿನಲ್ಲಿ ಪ್ರಸಂಗ ನಡೆದದ್ದನ್ನು ನಾನು ಕೇಳಿಲ್ಲ.

ಒಂಟಿಯಾಗಿ ಹೇಳಿಕೊಂಡದ್ದು ಪ್ರಸಂಗಕ್ಕೆ ಬಂದ ಮಾತಿಗೆ ಕ್ಯಾಥೊಲಿಕ್ ಗೆಳೆಯರು ಬೆರಗಾಗುತ್ತಾರೆ, ಏಕೆಂದರೆ ಅವರಲ್ಲಿ ಪಾಪನಿವೇದನೆಯ (ಪಾದ್ರಿಯ ಬಳಿ ಪಾಪ ಹೇಳಿಕೊಳ್ಳುವುದರ) ಗುಟ್ಟನ್ನು ಮುರಿಯುವಂತಿಲ್ಲ ಎಂದು 1983ರ ಕ್ಯಾನನ್ ಕಾನೂನಿನ, ಎಂದರೆ ಚರ್ಚಿನ ಕಾನೂನಿನ, 983ನೆಯ ನಿಯಮವೇ ಹೇಳುತ್ತದೆ. ನೇರವಾಗಿ ಮುರಿದ ಗುರುವಿಗೆ (ಪಾದ್ರಿಗೆ) ಬಹಿಷ್ಕಾರ. ನಿಯಮ ಇದ್ದ ಮಾತ್ರಕ್ಕೆ ಎಲ್ಲವೂ ಸರಿಯಿರುತ್ತದೆ ಎಂದಲ್ಲ. ಅಮೆರಿಕದ ಬಾಸ್ಟನ್ ನಗರದ ಗುರುಗಳು ಮಕ್ಕಳ ಮೇಲೆ ನಡೆಸಿದ ದೌರ್ಜನ್ಯವನ್ನು ಮೇಲಿನವರೇ ಮುಚ್ಚಿಟ್ಟಿದ್ದು 2002ರಲ್ಲಿ ಪತ್ರಿಕೆಯೊಂದರ ತನಿಖೆಯಿಂದ ಬಯಲಾಯಿತು. ಆದರೂ ದೂರು ಕೊಡಲು ಮೇಲೊಬ್ಬ ಬಿಷಪ್ ಇರುವುದಕ್ಕೂ, ಸಭೆಯನ್ನು ಕಟ್ಟಿದವರೇ ಪಾಸ್ಟರು, ಅವರ ಹೆಂಡತಿಯೇ ಖಜಾಂಚಿ, ಬಾಮೈದನೇ ಟ್ರಸ್ಟಿ ಆಗಿರುವುದಕ್ಕೂ ವ್ಯತ್ಯಾಸವಿದೆ.

ಕಾದಂಬರಿಯ ಬಗೆಗಿನ ನನ್ನ ಮುಖ್ಯ ತಕರಾರು ಹುಟ್ಟುವುದು ಇಲ್ಲಿಯೇ. ಗಾಯಗೊಂಡ ಜನ ಮೋಸಗಾರನಿಗೆ ಹೇಗೆ ಬಾಗಿಲು ತೆರೆಯುತ್ತಾರೆ ಎಂಬುದನ್ನು ಪೆರೆಟಿ ಬಲ್ಲರು. ಒಬ್ಬ ಹುಡುಗನ ಮೇಲೆ ವೇದಿಕೆಯ ಅಧಿಕಾರ ಏನನ್ನು ಮಾಡಬಲ್ಲದು ಎಂಬುದನ್ನೂ ಬಲ್ಲರು. ಆದರೆ ಆ ಅಧಿಕಾರ ದಿನದಿನ ನಿಲ್ಲುವುದು ಯಾವುದರ ಮೇಲೆ ಎಂಬುದನ್ನು, ಎಂದರೆ ರಸೀದಿ ಪುಸ್ತಕ, ಲೆಕ್ಕ ಓದದ ವಾರ್ಷಿಕ ಸಭೆ, ಪ್ರಶ್ನೆ ಕೇಳಿದವನನ್ನು ಗಾಯನ ತಂಡದಿಂದ ಸದ್ದಿಲ್ಲದೆ ಕೈಬಿಡುವುದು, ಇಂಥವನ್ನು ಅವರು ಹೆಚ್ಚು ಹೊತ್ತು ನೋಡುವುದಿಲ್ಲ. ಊರಿನ ಪಾಸ್ಟರುಗಳೆಲ್ಲ ಸೇರಿ ಹೊಸ ಕ್ರಿಸ್ತನ ವಿಷಯ ಚರ್ಚಿಸುವ ದೃಶ್ಯಗಳು ಮಾತ್ರ ಇದಕ್ಕೆ ಹೊರತು. ಯಾರೂ ಯಾರ ಮನಸ್ಸನ್ನೂ ನೋಯಿಸಬಾರದೆಂದು ಎಲ್ಲರೂ ಮುಖ್ಯವಾದದ್ದನ್ನು ಬಿಟ್ಟು ಮಾತನಾಡುವ ಆ ಸಭೆಗಳು ನಮ್ಮ ಕಮಿಟಿ ಮೀಟಿಂಗುಗಳನ್ನು ಕಂಡವರಿಗೆ ನಗು ತರಿಸುತ್ತವೆ. ಅಂಥವು ಇನ್ನೂ ಎರಡು ಇದ್ದಿದ್ದರೆ ಪವಾಡದ ಪ್ರಸಂಗಗಳಲ್ಲಿ ನಾಲ್ಕನ್ನು ಬಿಟ್ಟುಕೊಡಲು ನಾನು ಸಿದ್ಧನಿದ್ದೆ.

ಕೊನೆಯ ನೂರು ಪುಟಗಳು ಸಿನಿಮಾದ ಕ್ಲೈಮ್ಯಾಕ್ಸಿನಂತೆ ಓಡುತ್ತವೆ. ಅಷ್ಟು ಹೊತ್ತು ಮನುಷ್ಯರ ತಪ್ಪಾಗಿದ್ದದ್ದು ಅಲ್ಲಿ ಸ್ವಲ್ಪ ಮಟ್ಟಿಗೆ ಸೈತಾನನ ಲೆಕ್ಕಕ್ಕೆ ಜಮೆಯಾಗುತ್ತದೆ. ಮನುಷ್ಯರ ತಪ್ಪಿನಿಂದ ನುಣುಚಿಕೊಳ್ಳಲು ‘ಸೈತಾನನ ಹೋರಾಟ’ ಎಂಬ ಮಾತನ್ನು ಯಾವ ಯಾವ ಸಂದರ್ಭದಲ್ಲಿ ಬಳಸುತ್ತಾರೆ ಎಂದು ಗೊತ್ತಿರುವ ಓದುಗರಿಗೆ ಈ ಜಮಾ ಖರ್ಚು ಒಗ್ಗುವುದಿಲ್ಲ. ಪಾತ್ರಗಳೂ ಹೆಚ್ಚು, ಮೊದಲ ನೂರು ಪುಟಗಳಲ್ಲಿ ಹೆಸರುಗಳನ್ನು ನೆನಪಿಡಲು ನಾನು ಹಿಂದಿನ ಖಾಲಿ ಹಾಳೆಯಲ್ಲಿ ಪೆನ್ಸಿಲಿನಿಂದ ಪಟ್ಟಿ ಮಾಡಿಕೊಳ್ಳಬೇಕಾಯಿತು. 2006ರಲ್ಲಿ ಇದು ಚಲನಚಿತ್ರವೂ ಆಗಿದೆ. ಪುಸ್ತಕ ಓದುವವರು ಅದರ ಗೊಡವೆಗೆ ಹೋಗದಿದ್ದರೂ ನಡೆದೀತು.

ಮಲೆನಾಡಿನ ಓದುಗರಿಗೆ ಕ್ರೈಸ್ತರ ಬದುಕು ಕಾದಂಬರಿಯಲ್ಲಿ ಹೊಸದೇನಲ್ಲ. 2025ರ ಜನವರಿಯಲ್ಲಿ ತೀರಿಕೊಂಡ ಸಾಗರದ ನಾ. ಡಿಸೋಜ ಅವರು ‘ಇಗರ್ಜಿಯ ಸುತ್ತಲಿನ ಹತ್ತು ಮನೆಗಳು’ (ಇಗರ್ಜಿ ಎಂದರೆ ಚರ್ಚು) ಎಂಬ ಕಾದಂಬರಿಯನ್ನೇ ಬರೆದಿದ್ದಾರೆ. ನಮ್ಮ ಕನ್ನಡದಲ್ಲಿ ಸಸ್ಪೆನ್ಸಿಗೂ ಕೊರತೆಯಿಲ್ಲ. ಬಸ್ ಸ್ಟ್ಯಾಂಡಿನ ಅಂಗಡಿಗಳಲ್ಲಿ ಪತ್ತೇದಾರಿ ಕಾದಂಬರಿಗಳನ್ನು ಕೊಂಡು ಓದಿದ ತಲೆಮಾರು ಇನ್ನೂ ಇದೆ. ಇವೆರಡೂ ಕೂಡುವ ಜಾಗದಲ್ಲಿ, ಎಂದರೆ ಭದ್ರಾವತಿಯ ಒಂದು ಬಾಡಿಗೆ ಹಾಲು, ಒಬ್ಬ ಅಯ್ಯನವರು, ಒಂದು ಕಾಣೆಯಾದ ಲೆಕ್ಕದ ಪುಸ್ತಕ ಇವಿಷ್ಟನ್ನೇ ಇಟ್ಟುಕೊಂಡು ಯಾರಾದರೂ ಬರೆದರೆ ಮೊದಲ ಪ್ರತಿಯನ್ನು ಪೂರ್ತಿ ಬೆಲೆ ಕೊಟ್ಟು ಕೊಳ್ಳುವವನು ನಾನು.

ಅಲ್ಲಿಯವರೆಗೆ ಈ ಪುಸ್ತಕವನ್ನು ಯಾರಿಗೆ ಕೊಡಬಹುದು? ಸರಳವಾದ ಇಂಗ್ಲಿಷ್ ಓದಬಲ್ಲವರಿಗೆ ಭಾಷೆಯ ತೊಡಕಿಲ್ಲ. ಚರ್ಚಿನ ಒಳಗನ್ನು ಕಾಣದವರಿಗೆ ಇದು ಒಳ್ಳೆಯ ಥ್ರಿಲ್ಲರ್. ಅದಕ್ಕಿಂತ ಹೆಚ್ಚನ್ನು ಅವರು ನಿರೀಕ್ಷಿಸುವುದು ಬೇಡ. ಸಭೆಯಿಂದ ನೊಂದು ಹೊರಬಂದು, ನಂಬಿಕೆಯನ್ನು ಬಿಡಲೂ ಆಗದೆ ಹಿಂದಿರುಗಲೂ ಆಗದೆ ಇರುವವರಿಗೆ ಟ್ರಾವಿಸನ ಅಧ್ಯಾಯಗಳು ಹಿಡಿಸುತ್ತವೆ, ಆದರೆ ಗಾಯ ಹಸಿಯಾಗಿರುವಾಗ ಕೊಡಬೇಡಿ; ಹುಡುಗನ ಮೇಲಿನ ಹಿಂಸೆಯ ಭಾಗ ಕಠಿಣವಾಗಿದೆ. ಪಾಸ್ಟರುಗಳು ಓದಿದರೆ ಒಳ್ಳೆಯದು, ಓದುವರೆಂಬ ಭರವಸೆ ನನಗೆ ಕಡಿಮೆ.

ಚಿಕ್ಕಮ್ಮನಿಗೆ ಇಂಗ್ಲಿಷ್ ಬಾರದು. ಅಡಕೆ ಆರಿಸುತ್ತಾ ಕುಳಿತಿದ್ದ ಅವರಿಗೆ ಮೂರು ಸಂಜೆ ಕಥೆಯನ್ನು ಕನ್ನಡದಲ್ಲಿ ಹೇಳಿದೆ. ಪವಾಡಗಳ ಭಾಗ ಬಂದಾಗ ಕೈ ನಿಲ್ಲಲಿಲ್ಲ. ಹೆಂಡತಿ ಸತ್ತ ಪಾಸ್ಟರು ಬಾಗಿಲು ಹಾಕಿಕೊಂಡು ಕುಳಿತ ಭಾಗಕ್ಕೆ ನಿಂತಿತು. “ಅವರನ್ನು ನೋಡೋಕೆ ಸಭೆಯವರು ಯಾರಾದ್ರೂ ಬಂದ್ರಾ, ಮಗಾ?” ಎಂದು ಕೇಳಿದರು. ಬಂದರು ಎಂದೆ, ಹೊಸ ಪಾಸ್ಟರೇ ಬಂದರು. “ಲೆಕ್ಚರ್ ಕೊಡೋಕಾ, ಸುಮ್ಮನೆ ಕೂರೋಕಾ?” ಎಂದರು. ಮೊದಲಿಗೆ ಲೆಕ್ಚರ್ ಕೊಡಲು, ಆಮೇಲೆ ಜೊತೆಗಿರಲು ಎಂದೆ. “ಹಾಗಾದ್ರೆ ಮುಂದೆ ಹೇಳು” ಎಂದು ಇನ್ನೊಂದು ಹಿಡಿ ಅಡಕೆಯನ್ನು ಮೊರಕ್ಕೆ ಸುರಿದುಕೊಂಡರು.