ರಷ್ಯಾ ನಿರ್ಬಂಧ: ಆರು ತಿಂಗಳಿಗೊಮ್ಮೆಯೋ, ವರ್ಷಕ್ಕೊಮ್ಮೆಯೋ, ಅವಧಿಯಿಲ್ಲದೆಯೋ?

ಉಕ್ರೇನ್ ಯುದ್ಧಕ್ಕಾಗಿ ರಷ್ಯಾದ ಮೇಲೆ ಹೇರಿದ ನಿರ್ಬಂಧ ಮುಂದುವರಿಸುವ ಮೂರು ದಾರಿಗಳಲ್ಲಿ ಯಾವುದು ಸರಿ ಎಂದು ಕೇಳಿದರೆ, ಯಾರ ಆಸ್ತಿ ಎಂಬುದನ್ನು ಮೊದಲು ನೋಡಬೇಕು. ನಿರ್ಬಂಧದಡಿ ಆಸ್ತಿ ಸ್ತಂಭನವೆಂದರೆ ಮುಟ್ಟುಗೋಲಲ್ಲ, ಒಡೆತನ ಹಾಗೇ ಉಳಿಯುತ್ತದೆ, ಹಣ ಕದಲುವುದಿಲ್ಲ.

ಬಾಳಿಕೆಯಲ್ಲಿ ಐರೋಪ್ಯ ಒಕ್ಕೂಟದ ಆರು ತಿಂಗಳ ಪದ್ಧತಿ ದುರ್ಬಲ. ಆರ್ಥಿಕ ನಿರ್ಬಂಧಗಳ ಗಡುವು ಜನವರಿ 31 ಮತ್ತು ಜುಲೈ 31. 27 ದೇಶಗಳೂ ಒಪ್ಪಬೇಕು. 2025ರ ಜನವರಿಯಲ್ಲಿ ಹಂಗೇರಿ ಪಟ್ಟು ಹಿಡಿದು, ಇಂಧನ ಭದ್ರತೆಯ ಭರವಸೆ ಪಡೆದ ಮೇಲೆಯೇ ಒಪ್ಪಿತು. ಉಕ್ರೇನಿಗೆ ಏಳು ಶ್ರೀಮಂತ ದೇಶಗಳ ಕೂಟವಾದ ಜಿ7 ಕೊಟ್ಟ 5,000 ಕೋಟಿ ಡಾಲರ್ ಸಾಲ ತೀರಬೇಕಾದ್ದು ಇದೇ ಆರು ತಿಂಗಳ ಗಡುವಿನಡಿ ಸ್ತಂಭಿಸಿದ್ದ ರಷ್ಯಾದ ಹಣದ ಗಳಿಕೆಯಿಂದ. ಒಂದೇ ಒಂದು ವೀಟೊ ಬಿದ್ದರೂ ಆ ಆಧಾರವೇ ಕುಸಿಯುತ್ತಿತ್ತು. ಹಾಗಾಗಿಯೇ 2025ರ ಡಿಸೆಂಬರ್‌ನಲ್ಲಿ ಒಕ್ಕೂಟದ ಒಪ್ಪಂದದ 122ನೇ ವಿಧಿ ಬಳಸಿ, ಎಲ್ಲರ ಒಪ್ಪಿಗೆ ಬೇಡದ ವಿಶೇಷ ಬಹುಮತದಿಂದ, ರಷ್ಯಾದ ಕೇಂದ್ರ ಬ್ಯಾಂಕಿನ ಸುಮಾರು 21,000 ಕೋಟಿ ಯೂರೋಗಳನ್ನು ಅವಧಿಯಿಲ್ಲದೆ ತಡೆಹಿಡಿಯಲಾಯಿತು. ಸರ್ಕಾರಿ ಮೀಸಲು ನಿಧಿಗೆ ಇದೇ ತಕ್ಕದ್ದು.

ನಿರ್ಬಂಧಕ್ಕೊಳಗಾದ ವ್ಯಕ್ತಿಗಳ ಮಾತು ಬೇರೆ. ಅವರ ಪಟ್ಟಿ ಮಾರ್ಚ್ 15, ಸೆಪ್ಟೆಂಬರ್ 15ಕ್ಕೆ ಮರುಪರಿಶೀಲನೆಗೆ ಬರುತ್ತದೆ. 2025ರ ಮಾರ್ಚ್‌ನಲ್ಲಿ ಕೆಲವರ ಹೆಸರು ಕೈಬಿಟ್ಟದ್ದೂ ಉಂಟು. ಸಾಕ್ಷ್ಯ ಹಳತಾದರೆ ನ್ಯಾಯಾಲಯದಲ್ಲಿ ನಿಲ್ಲದು, ಆದ್ದರಿಂದ ಇಲ್ಲಿ ಗಡುವು ಬೇಕೇ ಬೇಕು.

ಅಮೆರಿಕದ ಕ್ರಮ ಸಲೀಸು: ನಿರ್ಬಂಧಕ್ಕೆ ಆಧಾರವಾದ ತುರ್ತುಸ್ಥಿತಿ ಘೋಷಣೆಯ ವಾರ್ಷಿಕ ದಿನಕ್ಕೆ ಮುಂಚಿನ 90 ದಿನಗಳೊಳಗೆ, ಅದನ್ನು ಮುಂದುವರಿಸುವ ಅಧ್ಯಕ್ಷರ ಒಂದು ನೋಟಿಸ್ ಸಾಕು. ಬೇಗ ಬಿಗಿಸಲು, ಸಡಿಲಿಸಲು ಅನುಕೂಲ. ಆದರೆ ಅಧ್ಯಕ್ಷರ ಮನಸ್ಸು ತಿರುಗಿದರೆ ಮಿತ್ರದೇಶಗಳ ಲೆಕ್ಕಾಚಾರವೆಲ್ಲ ತಲೆಕೆಳಗು.