ಹಳೇ ಟ್ಯೂಬ್‌ಲೈಟ್ ಒಯ್ಯಲು ಬರುವವರಿಗೆ ಕೊಡುವ ಮುಂಚೆ ಇದನ್ನು ಓದಿ

ಶಿವಮೊಗ್ಗ, ತೀರ್ಥಹಳ್ಳಿ, ಸಾಗರ ಕಡೆ ಹಾಸ್ಟೆಲ್, ಕಲ್ಯಾಣ ಮಂಟಪ, ನರ್ಸಿಂಗ್ ಹೋಮ್ ನೋಡಿಕೊಳ್ಳುವವರು ದಯವಿಟ್ಟು ಓದಿ. ನಿಮ್ಮ ಎಲೆಕ್ಟ್ರಿಶಿಯನ್‌ಗೂ ಓದಿಸಿ. ಟ್ಯೂಬ್‌ಲೈಟ್ ಬಿಚ್ಚಿ ಎಲ್‌ಇಡಿ ಹಾಕಿಸುತ್ತಿರುವ ಜಾಗಗಳನ್ನೇ ಹುಡುಕಿಕೊಂಡು ಒಬ್ಬ ಕಂಟ್ರಾಕ್ಟರ್ ತಿರುಗುತ್ತಿದ್ದಾನೆ. ಹೆಸರು ಹಾಕುವುದಿಲ್ಲ. ಹಾಕಿದರೂ ಪ್ರಯೋಜನ ಇಲ್ಲ ಬಿಡಿ, ಅವನ ವಿಸಿಟಿಂಗ್ ಕಾರ್ಡ್ ಬದಲಾಗುತ್ತಲೇ ಇರುತ್ತದೆ.

ನಾನು ಒಂದು ಟ್ರಸ್ಟಿನ ಹಾಸ್ಟೆಲ್ ಮೇಂಟೆನೆನ್ಸ್ ನೋಡಿಕೊಳ್ಳುವವನು. ನಾನೂರು ಚಿಲ್ಲರೆ ಟ್ಯೂಬ್ ಬಿಚ್ಚಿ ಸ್ಟೋರ್ ರೂಮಿನಲ್ಲಿ ರಾಶಿ ಹಾಕಿದ್ದೆವು. ಕಸದ ಗಾಡಿಗೆ ಹಾಕುವಂತಿಲ್ಲ, ಒಳಗೆ ಪಾದರಸ ಇರುತ್ತದೆ. ಗುಜರಿಯವರು ಮುಟ್ಟುವುದಿಲ್ಲ, ಆ ಗಾಜಿಗೆ ಬೆಲೆ ಇಲ್ಲ. ಆಗ ಬಂದ ಈ ಮನುಷ್ಯ. ಇನ್‌ಶರ್ಟ್, ಕೈಯಲ್ಲಿ ಫೈಲು. 2022ರ ಇ-ತ್ಯಾಜ್ಯ ನಿಯಮ, 2023ರ ಏಪ್ರಿಲ್ 1ರಿಂದ ಜಾರಿ, ದೊಡ್ಡ ಬಳಕೆದಾರರು ಇಂಥದ್ದನ್ನು ಕಂಡಕಂಡವರಿಗೆ ಕೊಡುವಂತಿಲ್ಲ, ನೋಂದಣಿ ಆದವರಿಗೇ ಕೊಡಬೇಕು, ಎಲ್ಲ ಗಿಳಿಪಾಠ ಒಪ್ಪಿಸಿದ. ಅದರಲ್ಲಿ ಒಂದೂ ಸುಳ್ಳಿಲ್ಲ ಮಾರಾಯ್ರೆ, ಅದೇ ಸಂಕಟ! ಕಾನೂನು ಇಷ್ಟು ಸರಿಯಾಗಿ ಹೇಳುವವನೇ ಅದನ್ನು ಮುರಿಯುತ್ತಾನೆ ಅಂತ ಯಾರಿಗೆ ಅನಿಸುತ್ತದೆ?

ಟ್ಯೂಬಿಗೆ ಹನ್ನೆರಡು ರೂಪಾಯಿ ನಾವೇ ಕೊಡಬೇಕು, ಗಾಡಿ ಬಾಡಿಗೆ ಬೇರೆ, ಅರ್ಧ ಅಡ್ವಾನ್ಸ್. ದುಡ್ಡು ಕೇಳಿದ್ದಕ್ಕೆ ನನಗೆ ಅನುಮಾನ ಬರಲಿಲ್ಲ, ಪಾದರಸ ಬೇರ್ಪಡಿಸಲು ಖರ್ಚಿದೆ, ಕೇಳುವುದು ನ್ಯಾಯವೇ. "ಹಳೇ ಪಟ್ಟಿ, ಚೋಕು ಇದ್ರೆ ಅದೂ ಕೊಡಿ ಸಾರ್, ಬಿಲ್ಲಲ್ಲಿ ಕಳೆಯೋಣ" ಅಂದ. ಚೋಕು ಅಂದರೆ ಟ್ಯೂಬ್ ಹೊತ್ತಿಸಲು ಪಟ್ಟಿಯೊಳಗೆ ಇರುವ ಭಾರದ ಪೆಟ್ಟಿಗೆ.

ಲೋಡ್ ಮಾಡುವ ದಿನ ಜೋರು ಮಳೆ. ಟಾಟಾ ಏಸ್ ತಂದಿದ್ದ. ಮೊದಲು ಹತ್ತಿದ್ದು ಚೋಕು. ಒಂದೊಂದು ಗೋಣಿಚೀಲವನ್ನೂ ತಕ್ಕಡಿ ಕೊಕ್ಕೆಗೆ ಹಾಕಿ ತೂಗಿ, ಚೀಟಿ ಬರೆದು, ಬಾಯಿ ಹೊಲಿದು, ಗಾಡಿಯ ಮುಂಭಾಗಕ್ಕೆ ಒತ್ತಿ ಇಟ್ಟರು. ಟ್ಯೂಬ್‌ಗಳನ್ನು? ಎಣಿಸಲೂ ಇಲ್ಲ. ಕಟ್ಟಿಗೆ ಹೊರೆಯ ಹಾಗೆ ಹಗ್ಗ ಬಿಗಿದು ಮೇಲೆ ಎಸೆದರು. ಚಟ್ ಚಟ್ ಅಂತ ಒಡೆಯುವುದು ನನಗೇ ಕೇಳಿಸಿತು. "ಏನ್ರೀ ಇದು, ಡಬ್ಬಿಗೆ ಹಾಕಲ್ವಾ?" ಅಂದೆ. "ಅಲ್ಲಿ ಹೋಗಿ ಹೇಗೂ ಪುಡಿ ಮಾಡೋದೇ ಅಲ್ವಾ ಸಾರ್" ಅಂದ. ಇದಕ್ಕೆ ಏನು ಉತ್ತರ ಕೊಡುತ್ತೀರಿ? ರೀಸೈಕ್ಲರ್ ಹತ್ತಿರ ಪುಡಿ ಮಾಡುವುದು ಮುಚ್ಚಿದ ಮೆಷಿನ್ನಿನೊಳಗೆ, ಗಾಳಿ ಎಳೆದುಕೊಂಡು, ಗಾಜು, ಅಲ್ಯೂಮಿನಿಯಂ ಮುಚ್ಚಳ, ಪಾದರಸ ಅಂಟಿದ ಬಿಳಿ ಪುಡಿ ಮೂರನ್ನೂ ಬೇರೆ ಮಾಡಿ. ಬಯಲಲ್ಲಿ ಹುಡುಗರ ಮೂಗಿನ ಕೆಳಗೆ ಅಲ್ಲ.

ಆಮೇಲೆ ಸರ್ಟಿಫಿಕೇಟ್ ಬಂತು. ಬಣ್ಣದ ಬಾರ್ಡರ್, ಹೊಲೋಗ್ರಾಂ, ಗಿಡದ ಚಿತ್ರ. ಟ್ರಸ್ಟಿನವರಿಗೆ ಖುಷಿ. 340 ಕೆಜಿ ಟ್ಯೂಬ್ ವೈಜ್ಞಾನಿಕವಾಗಿ ವಿಲೇವಾರಿ ಆಗಿದೆಯಂತೆ. ಒಂದು ಟ್ಯೂಬು ಕಾಲು ಕೆಜಿ ಅಂತಲೇ ಹಿಡಿಯಿರಿ, ನೂರು ಚಿಲ್ಲರೆ ಕೆಜಿ ಆಗಬೇಕು. ತಾರೀಕು ನೋಡಿದರೆ ಗಾಡಿ ಬಂದ ಹಿಂದಿನ ದಿನ! ನಮ್ಮ ಸ್ಟೋರ್ ರೂಮಿನಲ್ಲಿ ಇದ್ದಾಗಲೇ ರೀಸೈಕಲ್ ಆಗಿವೆ.

ಫೋನ್ ಮಾಡಿದೆ. "ಟೈಪಿಂಗ್ ಮಿಸ್ಟೇಕ್ ಸಾರ್."

ಅದರ ಬೆನ್ನಿಗೇ ಊರಾಚೆಯ ಅಡಿಕೆ ತೋಟದವರೊಬ್ಬರು ಫೋಟೋ ಕಳಿಸಿದರು. ತೋಟದ ಪಕ್ಕದ ಹಳ್ಳದಲ್ಲಿ ಒಡೆದ ಟ್ಯೂಬ್‌ಗಳ ರಾಶಿ. ನಮ್ಮ ಎಲೆಕ್ಟ್ರಿಶಿಯನ್ ಹೊಸ ಟ್ಯೂಬ್ ಹಾಕಿದಾಗೆಲ್ಲ ತುದಿಯಲ್ಲಿ ಮಾರ್ಕರ್‌ನಿಂದ ಹಾಸ್ಟೆಲ್ ಹೆಸರಿನ ಮೊದಲಕ್ಷರ, ರೂಮ್ ನಂಬರು, ತಾರೀಕು ಬರೆಯುತ್ತಾರೆ. ಫೋಟೋದಲ್ಲಿ ಹಾಸ್ಟೆಲ್ ಹೆಸರಿನ ಮೊದಲಕ್ಷರದ ಜೊತೆ "ರೂಂ 14" ನೀಟಾಗಿ ಕಾಣುತ್ತಿತ್ತು. ಅವರ ಮುಂದೆ ನನ್ನ ಮುಖ ಎಲ್ಲಿ ಇಡಲಿ? "ನಿಮ್ ಹಾಸ್ಟೆಲ್‌ನವ್ರು ಎಂತಕ್ಕೆ ನಮ್ ಹಳ್ಳಕ್ಕೆ ತಂದು ಸುರೀತೀರಿ?" ಅಂತ ಕೇಳಿದರು. ಆ ಹಳ್ಳ ಹೋಗಿ ಸೇರುವುದು ತುಂಗೆಗೆ. ಪಾದರಸ ಕೆಸರಿನಲ್ಲಿ ರೂಪ ಬದಲಿಸಿ ಮೀನಿನ ಮೈ ಸೇರುತ್ತದೆ. ಜಪಾನಿನ ಮಿನಮಾಟದಲ್ಲಿ ಜನ ನರಳಿದ್ದು ಅಂಥ ಮೀನು ತಿಂದೇ.

ಮತ್ತೆ ಅವನಿಗೆ ಫೋನ್. ಮೊದಲು, "ಗಾಡಿ ಗುಂಡಿಗೆ ಇಳಿದು ನಾಲ್ಕು ಉದುರಿರ್ಬೇಕು ಸಾರ್." ನಾಲ್ಕಲ್ಲ, ರಾಶಿ ಅಂದೆ. "ಹುಡುಗರು ಹೊಸಬರು." ಆಮೇಲೆ, "ಗಾಜು ತಾನೇ ಸಾರ್, ಅದರಲ್ಲೇನಿದೆ?" ಪಾದರಸದ ಹೆಸರು ಹೇಳಿ ನಮ್ಮನ್ನು ಹೆದರಿಸಿ ಅಡ್ವಾನ್ಸ್ ತಗೊಂಡವನು ಕೇಳುವ ಪ್ರಶ್ನೆ ಇದು! ಕೊನೆಗೆ, "ಸರ್ಟಿಫಿಕೇಟ್ ಬಂತಲ್ಲ, ನಿಮಗೆ ಇನ್ನೇನು ಬೇಕು?" ಈ ಮಾತು ಇವತ್ತಿಗೂ ಕಿವಿಯಲ್ಲಿದೆ. ನಮಗೆ ಬೇಕಿದ್ದದ್ದು ಕಾಗದ ಮಾತ್ರ ಅಂತ ಅವನು ಮೊದಲ ದಿನವೇ ತೀರ್ಮಾನ ಮಾಡಿಕೊಂಡಿದ್ದ.

ಸರ್ಟಿಫಿಕೇಟಿನಲ್ಲಿದ್ದ ಬೆಂಗಳೂರಿನ ರೀಸೈಕ್ಲರ್‌ಗೆ ನಾನೇ ವಿಚಾರಿಸಿದೆ. ಅವರು ನಿಜವಾಗಿಯೂ ನೋಂದಣಿ ಆದವರು. ಈತ ಯಾವಾಗಲೋ ಹಳೇ ಕಂಪ್ಯೂಟರ್ ತಂದು ಹಾಕಿದ್ದನಂತೆ, ಅಷ್ಟೇ. "ನಾವು ಟ್ಯೂಬ್‌ಲೈಟ್ ತಗೊಳ್ಳೋದೇ ಇಲ್ಲ, ಆ ಮೆಷಿನ್ ನಮ್ಮಲ್ಲಿಲ್ಲ" ಅಂದರು. ಇ-ವೇಸ್ಟ್ ರೀಸೈಕ್ಲರ್ ಅಂದ ಮಾತ್ರಕ್ಕೆ ಎಲ್ಲರೂ ಟ್ಯೂಬ್ ರೀಸೈಕಲ್ ಮಾಡುವುದಿಲ್ಲ, ಇದು ನೆನಪಿರಲಿ. ಇನ್ನು ಚೋಕು. ತಾಮ್ರದ ಸುತ್ತು ಇರುವ ಹಳೇ ಚೋಕಿಗೆ ಬಿಲ್ಲಿನಲ್ಲಿ ಕಳೆದದ್ದು ಬರೀ ಕಬ್ಬಿಣದ ರೇಟು. ಅವನು ಬಂದದ್ದೇ ಅದಕ್ಕೆ.

ಹಳ್ಳದ ರಾಶಿಯನ್ನು ನಾವೇ ಗ್ಲೌಸ್ ಹಾಕಿಕೊಂಡು ಆರಿಸಿ, ಮುಚ್ಚಳದ ಡ್ರಮ್ಮಿಗೆ ತುಂಬಿ ತಂದೆವು. ಪುಡಿ ನೀರಿಗೆ ಹೋದದ್ದು ಹೋಯಿತು. ಮಾಲಿನ್ಯ ನಿಯಂತ್ರಣ ಮಂಡಳಿಗೆ ಫೋಟೋ ಸಮೇತ ದೂರು ಕೊಟ್ಟಿದ್ದೇವೆ.

ನೀವು ಮಾಡಬೇಕಾದ್ದು ಇಷ್ಟೇ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ರೀಸೈಕ್ಲರ್ ಹೆಸರು ನೋಡಿ, ಅವರಿಗೇ ಫೋನ್ ಮಾಡಿ "ಟ್ಯೂಬ್ ತಗೋತೀರಾ, ಇವರು ನಿಮ್ಮವರಾ" ಅಂತ ಕೇಳಿ. ಎಣಿಸದೆ ಗಾಡಿ ಬಿಡಬೇಡಿ. ಚೋಕನ್ನು ಬೇರೆಯೇ ಮಾರಿ. ಟ್ಯೂಬಿನ ಮೇಲೆ ಹೆಸರು ಬರೆಸಿ, ನಮಗೆ ಸಾಕ್ಷಿ ಅಂತ ಉಳಿದದ್ದು ಅದೊಂದೇ.

ಅಡ್ವಾನ್ಸ್ ವಾಪಸ್ ಕೇಳಿ ಮೆಸೇಜ್ ಹಾಕಿದ್ದೆ. ಮೊನ್ನೆ ಉತ್ತರ ಬಂತು: "ಮುಂದಿನ ಲೋಡಿನಲ್ಲಿ ಅಡ್ಜಸ್ಟ್ ಮಾಡೋಣ ಸಾರ್."